ನಲವತ್ತೈದರ ಎಲ್ ಬೋರ್ಡು

ಭಾನುವಾರ ಬೆಳಗಿನ ಐದೂವರೆಗೆ ಜೋಗೇಶ್ವರಿ ಪೂರ್ವದ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಬಹುಮಟ್ಟಿಗೆ ಖಾಲಿ. ವಿಕ್ರೋಳಿ ಲಿಂಕ್ ರೋಡ್ ಬಂದು ಕೂಡುವ ಜಾಗದ ಆಚೀಚೆ, ಮೆಟ್ರೋ ಕಂಬಗಳ ಕೆಳಗೆ, ಬೈಕುಗಳು ಎರಡು ಮೂರು ಗುಂಪುಗಳಾಗಿ ನಿಂತಿರುತ್ತವೆ. ಕೆಲವರು ಲೋನಾವಳಕ್ಕೆ, ಕೆಲವರು ಮಾಲ್ಶೇಜ್ ಘಾಟಿಗೆ, ಇನ್ನು ಕೆಲವರು ಪಾಲ್ಘರ್ ಕಡೆಗೆ ಹೊರಟವರು. ಸೈಕಲ್ ಮೇಲೆ ಚಹಾ ತರುವವನ ಸುತ್ತ ಸೇರಿ ಹೆಲ್ಮೆಟ್ ತೆಗೆದಾಗ ಕಾಣುವ ತಲೆಗಳಲ್ಲಿ ನರೆತವು ಕಡಿಮೆಯೇನಲ್ಲ. ಅವರಲ್ಲಿ ಕೆಲವರು ಕಾಲೇಜು ದಿನಗಳಿಂದಲೇ ಗಾಡಿ ಓಡಿಸಿದವರು. ಇನ್ನು ಕೆಲವರು ಕ್ಲಚ್ ಹಿಡಿದು ಒಂದು ವರ್ಷವೂ ಆಗದವರು. ನಾನು ಹೇಳಹೊರಟಿರುವುದು ಈ ಎರಡನೆಯವರ ವಿಷಯ. ನಾನೂ ಅವರಲ್ಲೊಬ್ಬ.

ಊರಿನಲ್ಲಿ ಈ ವಿಷಯ ಹೇಳಿದರೆ ಜನ ಆಶ್ಚರ್ಯಪಡುತ್ತಾರೆ. ಉಡುಪಿಯಲ್ಲೋ ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಬೆಳೆದ ಹುಡುಗ ಹದಿನೆಂಟು ತುಂಬುವಷ್ಟರಲ್ಲಿ ಅಪ್ಪನದ್ದೋ ಚಿಕ್ಕಪ್ಪನದ್ದೋ ಬೈಕು ಓಡಿಸಿ ಕೈ ಪಳಗಿಸಿಕೊಂಡಿರುತ್ತಾನೆ. ಕಾಲೇಜಿಗೆ, ತೋಟಕ್ಕೆ, ಪೇಟೆಗೆ ಅದಿಲ್ಲದೆ ನಡೆಯುವುದಿಲ್ಲ. ಮುಂಬಯಿಯ ಲೆಕ್ಕ ಬೇರೆ. ಇಲ್ಲಿ ಮನೆಯಿಂದ ಸ್ಟೇಷನ್ನಿಗೆ ನಡೆದರಾಯಿತು, ಸ್ಲೋ ಲೋಕಲ್ ಹತ್ತಿದರೆ ಅಂಧೇರಿ, ದಾದರ್, ಚರ್ಚ್‌ಗೇಟ್. ಉಳಿದ ದಾರಿಗೆ ಬೆಸ್ಟ್ ಬಸ್ಸು, ರಿಕ್ಷಾ. ಚಾಳಿನ ಓಣಿಯಲ್ಲಿ ಗಾಡಿ ನಿಲ್ಲಿಸಲು ಜಾಗವೂ ಇಲ್ಲ. ಹಾಗಾಗಿ ಈ ಊರಿನಲ್ಲಿ ಮನುಷ್ಯ 45 ದಾಟಿದರೂ ಬೈಕು ಮುಟ್ಟದೆ ಬದುಕು ಸಾಗಿಸಬಹುದು. ಮುಂಬಯಿಗರಿಗೆ ಬೈಕು ಅನಿವಾರ್ಯವಾಗಿ ಬರುವುದಿಲ್ಲ. ಬಂದರೆ ಆಸೆಯಾಗಿ ಬರುತ್ತದೆ, ಮತ್ತು ತಡವಾಗಿ ಬರುತ್ತದೆ.

ಮುಂದೂಡಿದ ಯೌವನ

ಇಲ್ಲಿಯ ಕನ್ನಡಿಗರಿಗೆ, ತುಳುವರಿಗೆ ಇದರ ಹಿಂದೆ ಇನ್ನೊಂದು ಕಥೆಯಿದೆ. ಉಡುಪಿ, ಕುಂದಾಪುರ, ಕಾರ್ಕಳ, ಬಂಟ್ವಾಳದ ಹಳ್ಳಿಗಳಿಂದ ಹದಿನಾಲ್ಕು ಹದಿನೈದರ ಪ್ರಾಯದಲ್ಲಿ ಬಸ್ಸು ಹತ್ತಿ ಬಂದ ಹುಡುಗರು ಹೋಟೆಲುಗಳಲ್ಲಿ ಟೇಬಲ್ ಒರೆಸಿದರು, ಕಪ್ಪು ಬಸಿ ತೊಳೆದರು, ಗಲ್ಲೆಯಲ್ಲಿ ಕೂತರು. ಹಗಲು ದುಡಿದು ರಾತ್ರಿ ಕಲಿತರು. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಈ ಹುಡುಗರಿಗಾಗಿಯೇ ಹುಟ್ಟಿದವು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ ರಾತ್ರಿಶಾಲೆ ನಡೆಸಿತು. ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆಯಲ್ಲಿ ಓದಿದವರು ಬ್ಯಾಂಕು, ವಕೀಲಿಕೆ, ವ್ಯಾಪಾರಗಳಲ್ಲಿ ಮೇಲೆ ಬಂದರು. ಆ ತಲೆಮಾರಿಗೆ ಸುಮ್ಮನೆ ಸುತ್ತಾಡುವ ಇಪ್ಪತ್ತರ ಹರೆಯ ಸಿಗಲಿಲ್ಲ. ಇಪ್ಪತ್ತರಲ್ಲಿ ಊರಿಗೆ ಮನಿಯಾರ್ಡರ್ ಕಳಿಸಬೇಕಿತ್ತು, ಮೂವತ್ತರಲ್ಲಿ ತಂಗಿಯ ಮದುವೆ, ನಲವತ್ತರಲ್ಲಿ ಮಕ್ಕಳ ಕಾಲೇಜಿನ ಫೀಸು.

ಆಸೆ ಮಾತ್ರ ಎಲ್ಲೋ ಉಳಿದುಕೊಂಡಿತ್ತು. ಕನ್ನಡಿಗರ ಬೈಕಿನ ಕನಸಿಗೆ ಕರ್ನಾಟಕದಲ್ಲೇ ಒಂದು ವಿಳಾಸವಿತ್ತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಜಾವಾ ಬೈಕುಗಳನ್ನು ತಯಾರಿಸತೊಡಗಿತು. ಜಯಚಾಮರಾಜ ಒಡೆಯರ ಪ್ರೋತ್ಸಾಹ ಆ ಉದ್ಯಮಕ್ಕಿತ್ತು. 1973ರಿಂದ ಅಲ್ಲಿಯ ಗಾಡಿಗಳು ಯೆಜ್ಡಿ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100, ಅದೇ ವರ್ಷ ಬಂದ ಹೀರೋ ಹೋಂಡಾ ಸಿಡಿ 100, ಇವೆರಡಕ್ಕಿಂತ ಹಳೆಯದಾದ ಮದ್ರಾಸಿನ ಬುಲೆಟ್ಟು, ಇವನ್ನೆಲ್ಲ ರಸ್ತೆಯ ಬದಿಯಲ್ಲಿ ನಿಂತು ನೋಡಿದ ಹುಡುಗರಿಗೆ ಈಗ ಐವತ್ತರ ಆಸುಪಾಸು. ಸಾಲ ತೀರಿದೆ, ಮಗಳಿಗೆ ಕೆಲಸ ಸಿಕ್ಕಿದೆ, ಜೋಗೇಶ್ವರಿಯ ಸೊಸೈಟಿಯಲ್ಲಿ ಒಂದು ಪಾರ್ಕಿಂಗ್ ಜಾಗವೂ ಆಗಿದೆ. ಆಗ ಶೋರೂಮಿನ ಮೆಟ್ಟಿಲು ಹತ್ತುತ್ತಾರೆ.

“ಈ ಪ್ರಾಯದಲ್ಲಿ ಇದೆಲ್ಲ ಬೇಕಾ ಮಾರಾಯ್ರೇ?” ಎಂದು ಮನೆಯಲ್ಲಿ ಕೇಳದೆ ಇರುವುದಿಲ್ಲ. ಅದು ನ್ಯಾಯವಾದ ಪ್ರಶ್ನೆ. ಆದರೆ ಇದು ಇಲ್ಲಿಯವರಿಗೆ ಮಾತ್ರ ಹಿಡಿದ ಗೀಳಲ್ಲ. ಅಮೆರಿಕದಲ್ಲಿ ಬೈಕು ಮಾಲೀಕರ ಮಧ್ಯಾಂಕ ವಯಸ್ಸು 1990ರಲ್ಲಿ 32 ಇದ್ದದ್ದು 2018ರಲ್ಲಿ 50 ಆಯಿತು. ಜಪಾನಿನಲ್ಲಿ ಹೊಸ ಬೈಕು ಕೊಳ್ಳುವವರ ಸರಾಸರಿ ವಯಸ್ಸು 50 ದಾಟಿದೆ. ಆದರೆ ಅಲ್ಲಿ ಹೆಚ್ಚಿನವರು ಹರೆಯದಲ್ಲಿ ಓಡಿಸಿ, ಸಂಸಾರಕ್ಕಾಗಿ ಬಿಟ್ಟು, ಮತ್ತೆ ಮರಳಿದವರು. ಮುಂಬಯಿಯ ನಮ್ಮಂಥವರು ಮೊದಲ ಸಲ ಬರುವವರು. ಮರೆತದ್ದನ್ನು ನೆನಪಿಸಿಕೊಳ್ಳುವ ಅನುಕೂಲ ನಮಗಿಲ್ಲ. ಹಾಗೆಯೇ ಹಳೆಯ ಕೆಟ್ಟ ಅಭ್ಯಾಸಗಳನ್ನು ಬಿಡಿಸಿಕೊಳ್ಳುವ ಕಷ್ಟವೂ ಇಲ್ಲ.

ಕೈಕಾಲಿಗೆ ಪಾಠ

ನಡುವಯಸ್ಸಿನವರಿಗೆ ಕಲಿಕೆಯಲ್ಲಿ ಮೊದಲು ಎದುರಾಗುವುದು ಭಾರ. ಸ್ಪ್ಲೆಂಡರಿನ ತೂಕ ಸುಮಾರು 112 ಕೆ.ಜಿ.; ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರದ್ದು 195. ನಿಂತ ಗಾಡಿ ಒಂದು ಬದಿಗೆ ವಾಲಿದರೆ ಅದನ್ನು ತಡೆದು ಹಿಡಿಯಬೇಕಾದದ್ದು ಮೊಣಕಾಲು ಮತ್ತು ಸೊಂಟ. ಅದಕ್ಕಾಗಿಯೇ 125 ಅಥವಾ 150 ಸಿಸಿಯ ಗಾಡಿಯಲ್ಲಿ ಕಲಿತು ಆಮೇಲೆ ದೊಡ್ಡದಕ್ಕೆ ಹೋಗಿ ಎಂದು ಅನುಭವಸ್ಥರೆಲ್ಲ ಹೇಳುತ್ತಾರೆ. ಕೈಯಲ್ಲಿ ದುಡ್ಡಿರುವವನಿಗೆ ಈ ಮಾತು ರುಚಿಸುವುದಿಲ್ಲ. ಕೇಳಬೇಕು.

ನನಗೆ ಕಲಿಸಿದ್ದು ಹತ್ತಿರದ ಗ್ಯಾರೇಜಿನ ಮೆಕ್ಯಾನಿಕ್ಕು; ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಮೊದಲ ಪಾಠದಲ್ಲಿ ಆತ ಗಾಡಿ ಓಡಿಸಲು ಬಿಡಲೇ ಇಲ್ಲ. ಸೊಸೈಟಿಯ ಕಾಂಪೌಂಡಿನಲ್ಲಿ ಎಂಜಿನ್ ಚಾಲೂ ಮಾಡಿಸಿ, ಮೊದಲ ಗೇರಿಗೆ ಹಾಕಿಸಿ, ಆ್ಯಕ್ಸಿಲರೇಟರ್ ಮುಟ್ಟಬೇಡಿ ಎಂದ. ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡುತ್ತ ಹೋಗಬೇಕು. ಒಂದು ಜಾಗದಲ್ಲಿ ಎಂಜಿನ್ನಿನ ಸದ್ದು ತುಸು ತಗ್ಗುತ್ತದೆ, ಗಾಡಿಯ ಮೂತಿ ಒಂದಿಷ್ಟು ಮುಂದಕ್ಕೆ ಜಗ್ಗುತ್ತದೆ. ಅಲ್ಲೇ ಕೈ ನಿಲ್ಲಿಸಬೇಕು, ಮತ್ತೆ ಹಿಡಿಯಬೇಕು, ಮತ್ತೆ ಬಿಡಬೇಕು. ಕಾದ ಕಾವಲಿಗೆ ನೀರು ಚಿಮುಕಿಸಿ ಚುಂಯ್ ಎಂಬ ಸದ್ದಿನಲ್ಲೇ ಹದ ತಿಳಿಯುವ ದೋಸೆಭಟ್ಟರ ಹಾಗೆ, ಬೆರಳಿಗೆ ಆ ಜಾಗ ತಾನಾಗಿ ಗೊತ್ತಾಗುವವರೆಗೆ ಇದೇ ಕೆಲಸ. ಅದಾದ ಮೇಲೆ ನಡಿಗೆಯ ವೇಗದಲ್ಲಿ ನೆಟ್ಟಗೆ ಹೋಗುವುದು, ಆಮೇಲೆ ಅದೇ ವೇಗದಲ್ಲಿ ತಿರುಗುವುದು. ಬೈಕಿನಲ್ಲಿ ವೇಗಕ್ಕಿಂತ ನಿಧಾನವೇ ಕಷ್ಟ. ಉರುಳುವ ಚಕ್ರ ಗಾಡಿಯನ್ನು ತಾನೇ ನೆಟ್ಟಗೆ ಇರಿಸುತ್ತದೆ. ನಿಧಾನವಾದಾಗ ಆ ಕೆಲಸ ಸವಾರನ ಪಾಲಿಗೆ ಬರುತ್ತದೆ. ಆರ್‌ಟಿಒ ಪರೀಕ್ಷೆಯಲ್ಲಿ ಕಾಲು ಊರದೆ ‘ಎಂಟು’ ಹಾಕಿಸುವುದು ಇದಕ್ಕೇ.

ಎರಡನೆಯ ಪಾಠ ಬ್ರೇಕು. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತದೆ ಎಂದು ಸೈಕಲ್ಲಿನ ಕಾಲದಿಂದ ನಮ್ಮ ತಲೆಯಲ್ಲಿ ಕೂತಿದೆ. ನಿಜ ಬೇರೆ. ಗಾಡಿ ನಿಲ್ಲತೊಡಗಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ. ಒಣ ರಸ್ತೆಯಲ್ಲಿ ನಿಲ್ಲಿಸುವ ಶಕ್ತಿಯ ಸುಮಾರು ಮುಕ್ಕಾಲು ಪಾಲು ಮುಂದಿನ ಬ್ರೇಕಿನದೇ. ಅದನ್ನು ಜಗ್ಗನೆ ಹಿಡಿಯದೆ ಹಿಂಡುತ್ತ ಹೋಗಬೇಕು. 125 ಸಿಸಿ ಮೀರಿದ ಹೊಸ ಮಾದರಿಗಳಿಗೆ 2018ರ ಏಪ್ರಿಲಿನಿಂದ, ಅದೇ ವರ್ಗದ ಎಲ್ಲ ಮಾದರಿಗಳಿಗೂ 2019ರ ಏಪ್ರಿಲಿನಿಂದ ಎಬಿಎಸ್ ಕಡ್ಡಾಯವಾದದ್ದು ಹೊಸಬರಿಗೆ ದೊಡ್ಡ ಆಸರೆ. ಗಾಬರಿಯಲ್ಲಿ ಬ್ರೇಕು ಗಟ್ಟಿ ಹಿಡಿದರೂ ಚಕ್ರ ಲಾಕ್ ಆಗಿ ಜಾರದಂತೆ ಅದು ಕಾಯುತ್ತದೆ.

ಮೂರನೆಯದು ತಿರುವು. ವೇಗದಲ್ಲಿರುವ ಬೈಕನ್ನು ಬಲಕ್ಕೆ ತಿರುಗಿಸಲು ಹ್ಯಾಂಡಲಿನ ಬಲಗಡೆಯನ್ನು ಮುಂದಕ್ಕೆ ಮೆಲ್ಲಗೆ ಒತ್ತಬೇಕು. ಆಗ ಗಾಡಿ ಬಲಕ್ಕೆ ವಾಲಿ ಬಲಕ್ಕೇ ತಿರುಗುತ್ತದೆ. ಸವಾರ ಎಲ್ಲಿ ನೋಡುತ್ತಾನೋ ಗಾಡಿ ಅಲ್ಲಿಗೇ ಹೋಗುತ್ತದೆ. ಗುಂಡಿಯನ್ನೇ ದಿಟ್ಟಿಸಿದರೆ ಗುಂಡಿಗೇ ಬೀಳುತ್ತದೆ. ಹಾಗಾಗಿ ತಿರುವಿನಲ್ಲಿ ಗದ್ದ ಎತ್ತಿ ದಾರಿ ಮುಗಿಯುವ ಕಡೆ ನೋಡಬೇಕು. ಜೋಗೇಶ್ವರಿಯವರಿಗೆ ಇದನ್ನೆಲ್ಲ ರೂಢಿಸಿಕೊಳ್ಳಲು ಬೆಳಗಿನ ಆರೆ ಕಾಲನಿಯ ರಸ್ತೆ ಹತ್ತಿರವಿದೆ. ಮರಗಳ ನೆರಳು, ತಿರುವುಗಳು, ವಾಯುವಿಹಾರಕ್ಕೆ ಬಂದವರು, ನಾಯಿಗಳು, ಹಂಪುಗಳು ಎಲ್ಲವೂ ಅಲ್ಲಿವೆ. ವೇಗಕ್ಕೆ ಅದು ಜಾಗವಲ್ಲ, ಎಚ್ಚರಕ್ಕೆ ಒಳ್ಳೆಯ ಶಾಲೆ.

ಮುಂಬಯಿಯ ನೆಲದ್ದೂ ಒಂದು ಪಾಠವಿದೆ. ಒದ್ದೆಯಾದ ಪೇವರ್ ಬ್ಲಾಕ್, ಮ್ಯಾನ್‌ಹೋಲಿನ ಮುಚ್ಚಳ, ಮೆಟ್ರೋ ಕಾಮಗಾರಿಗೆ ಹಾಸಿದ ಕಬ್ಬಿಣದ ತಗಡು, ಜೀಬ್ರಾ ಪಟ್ಟಿಯ ಬಣ್ಣ, ಇವು ನಾಲ್ಕೂ ಮಳೆಯಲ್ಲಿ ಜಾರುತ್ತವೆ. ಜೂನಿನ ಮೊದಲ ಮಳೆ ಎಲ್ಲಕ್ಕಿಂತ ಕೆಟ್ಟದ್ದು. ತಿಂಗಳುಗಟ್ಟಲೆ ರಸ್ತೆಗೆ ಅಂಟಿದ ಎಣ್ಣೆ ನೀರಿನ ಮೇಲೆ ತೇಲಿ ಬರುತ್ತದೆ. ಅಂಥ ಕಡೆ ಗಾಡಿ ವಾಲಿಸಬಾರದು, ಬ್ರೇಕು ಹಿಡಿಯಬಾರದು, ನೆಟ್ಟಗೆ ದಾಟಿಬಿಡಬೇಕು.

ದೇಹ, ಕಾಯ್ದೆ, ಅಪಾಯ

ಅಪಾಯವನ್ನು ಮುಚ್ಚಿಟ್ಟು ಈ ವಿಷಯ ಬರೆಯುವುದು ತಪ್ಪು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರೇ 50 ಸಾವಿರಕ್ಕೂ ಹೆಚ್ಚು. ಜೋಗೇಶ್ವರಿ ಪೂರ್ವದಲ್ಲಿ ಹೈವೇಯ ಮಗ್ಗುಲಲ್ಲೇ ಮಹಾನಗರಪಾಲಿಕೆಯ ಟ್ರಾಮಾ ಆಸ್ಪತ್ರೆ ಇರುವುದು ಅಪಘಾತಕ್ಕೀಡಾದವರಿಗಾಗಿಯೇ.

ಹೊಸಬರು ನೆನಪಿಡಬೇಕಾದ ಒಂದು ಅಧ್ಯಯನವಿದೆ. ಅಮೆರಿಕದ ಸಂಶೋಧಕ ಹ್ಯಾರಿ ಹರ್ಟ್ ಅವರ ತಂಡ ಲಾಸ್ ಏಂಜಲೀಸಿನಲ್ಲಿ 900ಕ್ಕೂ ಹೆಚ್ಚು ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಅಪಘಾತಕ್ಕೀಡಾದ ಸವಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಗಾಡಿಯಲ್ಲಿ 5 ತಿಂಗಳ ಅನುಭವವೂ ಇರಲಿಲ್ಲ. ಶೇ 92ರಷ್ಟು ಮಂದಿ ತಾವಾಗಿಯೇ ಅಥವಾ ಮನೆಯವರಿಂದ, ಗೆಳೆಯರಿಂದ ಕಲಿತವರು. ಕ್ರಮವಾದ ತರಬೇತಿ ಪಡೆದವರಲ್ಲ. ನಾಲ್ಕು ದಶಕ ದಾಟಿದರೂ ಈ ಮಾತಿನ ತೂಕ ಕಡಿಮೆಯಾಗಿಲ್ಲ. ಎಲ್ಲ ಹೊಸಬರಿಗೂ ಮೊದಲ ತಿಂಗಳುಗಳೇ ಕಂಟಕ. ಐವತ್ತರ ಹೊಸಬನಿಗೆ ಪ್ರಾಯದ ಹೊರೆ ಅದರ ಮೇಲೆ ಸೇರುತ್ತದೆ.

ನಲವತ್ತರ ನಂತರ ಹತ್ತಿರದ್ದು ಮಸುಕಾಗುತ್ತದೆ, ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುತ್ತದೆ, ಎದುರು ಗಾಡಿಯ ಬೆಳಕು ಹೆಚ್ಚು ಕುಕ್ಕುತ್ತದೆ. ಕಂಡದ್ದಕ್ಕೆ ಕೈ ಸ್ಪಂದಿಸುವುದೂ ಕ್ಷಣದ ಒಂದು ಪಾಲು ತಡವಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದೇ ಸೆಕೆಂಡಿಗೆ ಗಾಡಿ ಸುಮಾರು 17 ಮೀಟರ್ ಸಾಗಿರುತ್ತದೆ. ಬ್ರೇಕು ಕೆಲಸ ಶುರುಮಾಡುವುದು ಅದಾದ ಮೇಲೆ. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದು ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಹಸಿದ ಹೊಟ್ಟೆಯಲ್ಲಿ ಗಾಡಿ ಹತ್ತಬಾರದು. ಜಾಕೆಟ್ ಹಾಕಿಕೊಂಡು ಮುಂಬಯಿಯ ಸೆಕೆಯಲ್ಲಿ ಬೆವರಿದವರು ಬಾಯಾರುವ ಮೊದಲೇ ನೀರು ಕುಡಿಯಬೇಕು. ಇವೆಲ್ಲ ಮುಜುಗರದ ವಿಷಯಗಳಲ್ಲ. ಕಣ್ಣಿನ ಡಾಕ್ಟರರನ್ನು ಕಂಡು ಬರುವುದು ಕೂಡ ಬೈಕು ಕಲಿಕೆಯ ಭಾಗ.

ಕಾಯ್ದೆಯೂ ಪ್ರಾಯವನ್ನು ಗಮನಿಸುತ್ತದೆ. 40 ದಾಟಿದವರು ಲರ್ನರ್ಸ್ ಲೈಸೆನ್ಸಿಗೆ ಅರ್ಜಿ ಹಾಕುವಾಗ ವೈದ್ಯರು ಸಹಿ ಮಾಡಿದ ‘ಫಾರಂ 1-ಎ’ ಕೊಡಬೇಕು. ಕಾರಿನ ಲೈಸೆನ್ಸ್ ಇದ್ದವರೂ ಗೇರಿನ ಬೈಕಿಗೆ ಬೇರೆಯಾಗಿ ಕಲಿತು, ಪರೀಕ್ಷೆ ಕೊಟ್ಟು, ಅದನ್ನು ಸೇರಿಸಿಕೊಳ್ಳಬೇಕು. ಲರ್ನರ್ಸ್ ಸಿಕ್ಕಿ 30 ದಿನ ಕಳೆಯದೆ ಪರೀಕ್ಷೆಯಿಲ್ಲ. ಅದರ ಆಯುಸ್ಸು 6 ತಿಂಗಳು. ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ಇರಲೇಬೇಕು, ಗದ್ದದ ಪಟ್ಟಿ ಬಿಗಿದಿರಲೇಬೇಕು. ಮುಂಬಯಿ ಸಂಚಾರ ಪೊಲೀಸರು 2022ರ ಜೂನಿನಿಂದ ಹಿಂಬದಿ ಸವಾರರಿಗೂ ಇದನ್ನು ಕಟ್ಟುನಿಟ್ಟು ಮಾಡಿದರು. ಹೆಲ್ಮೆಟ್ ಧರಿಸಿದವರಲ್ಲಿ ಸಾವಿನ ಸಂಭವ ಶೇ 42ರಷ್ಟು, ತಲೆಗೆ ಪೆಟ್ಟಾಗುವ ಸಂಭವ ಶೇ 69ರಷ್ಟು ಇಳಿಯುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದವರು ಕಂಡುಕೊಂಡಿದ್ದಾರೆ.

ಗುಂಪಿನಲ್ಲಿ ಕಿರಿಯನಾಗುವುದು

ಬೈಕು ಕಲಿತ ಮೇಲೆ ಬೈಕಿನವರ ಲೋಕ ಸಿಗುತ್ತದೆ. ಅದಕ್ಕೆ ತನ್ನದೇ ಉಡುಗೆ, ರೀತಿ, ಶಿಸ್ತು ಇದೆ. ಹೊರಗಿನಿಂದ ನೋಡಿದವರಿಗೆ ಚರ್ಮದ ಜಾಕೆಟ್ಟು, ಸೈಲೆನ್ಸರಿನ ಗುಡುಗು, ಸೆಲ್ಫಿಗಳು ಕಾಣುತ್ತವೆ. ಅವೂ ಇವೆ. ಆದರೆ ಒಳ್ಳೆಯ ಗುಂಪಿನ ಜೀವಾಳ ಬೇರೆ.

ಗುಂಪು ಹೊರಡುವ ಮೊದಲು ಎಲ್ಲರನ್ನೂ ನಿಲ್ಲಿಸಿ ಹತ್ತು ನಿಮಿಷ ಮಾತಾಡುತ್ತಾರೆ. ಮುಂದೆ ಹೋಗುವವನು ಲೀಡ್. ಕೊನೆಯಲ್ಲಿ ಬರುವವನು ಸ್ವೀಪ್. ಯಾರ ಗಾಡಿ ಕೆಟ್ಟರೂ ಅವನು ಅಲ್ಲೇ ನಿಲ್ಲಬೇಕು, ಯಾರನ್ನೂ ಹಿಂದೆ ಬಿಟ್ಟು ಬರಬಾರದು. ಒಬ್ಬರ ಹಿಂದೆ ಒಬ್ಬರು ನೇರ ಸಾಲಿನಲ್ಲಿ ಹೋಗದೆ ಎಡ ಬಲ ಎಡ ಬಲ ಎಂದು ಸಾಗಬೇಕು, ಮುಂದಿನ ಗಾಡಿಗೆ ಎರಡು ಸೆಕೆಂಡಿನ ಅಂತರವಿರಬೇಕು. ಕಡಿದಾದ ತಿರುವಿನಲ್ಲಿ ಒಂಟಿ ಸಾಲು. ರಸ್ತೆಯಲ್ಲಿ ಗುಂಡಿ ಕಂಡರೆ ಆ ಬದಿಯ ಕಾಲು ಚಾಚಿ ಹಿಂದಿನವರಿಗೆ ತೋರಿಸಬೇಕು. ಹೊಸಬರಿಗೆ ಲೀಡ್‌ನ ಬೆನ್ನ ಹಿಂದಿನ ಜಾಗ. ಅವರ ವೇಗವೇ ಗುಂಪಿನ ವೇಗ. ಯಾರೂ ಓವರ್‌ಟೇಕ್ ಮಾಡುವಂತಿಲ್ಲ. ಇವನ್ನು ಹೇಳಿಕೊಡದ, ಹೊಸಬರನ್ನು ಹಿಂದೆ ಬಿಟ್ಟು ಹಾರುವ ಗುಂಪು ನಮ್ಮ ಪ್ರಾಯದವರಿಗೆ ಬೇಡ. ಯಾವ ಪ್ರಾಯದವರಿಗೂ ಬೇಡ.

ನಡುವಯಸ್ಸಿನವರಿಗೆ ಇಲ್ಲಿ ಇನ್ನೊಂದು ಕಷ್ಟವಿದೆ. ಆಫೀಸಿನಲ್ಲಿ ನಾವು ಹಿರಿಯರು, ಹೋಟೆಲಿನಲ್ಲಿ ಯಜಮಾನರು, ಮನೆಯಲ್ಲಿ ಅಪ್ಪ. ಗುಂಪಿನಲ್ಲಿ ಇಪ್ಪತ್ತೈದರ ಹುಡುಗಿಯೊಬ್ಬಳು “ಅಂಕಲ್, ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಬೇಡಿ, ಗೇರಿನಲ್ಲೇ ಇಳಿಸಿ” ಎನ್ನುತ್ತಾಳೆ. ಅವಳು ಹೇಳಿದ್ದು ಸರಿ. ನ್ಯೂಟ್ರಲ್‌ನಲ್ಲಿ ಎಂಜಿನ್ನಿನ ತಡೆ ತಪ್ಪಿಹೋಗಿ ಬ್ರೇಕು ಕಾಯುತ್ತದೆ. ಹೂಂ ಎಂದು ತಲೆಯಾಡಿಸಿ ಹಾಗೆಯೇ ಮಾಡುವುದನ್ನು ಕಲಿತವನಿಗೆ ಈ ಲೋಕ ಬಾಗಿಲು ತೆರೆಯುತ್ತದೆ. ಐವತ್ತರ ಹತ್ತಿರ ಬಂದ ಮನುಷ್ಯನಿಗೆ ನೀನು ಇದನ್ನು ತಪ್ಪು ಮಾಡುತ್ತಿದ್ದಿ ಎಂದು ಪ್ರೀತಿಯಿಂದ ಹೇಳುವವರು ಬದುಕಿನಲ್ಲಿ ಬೇರೆಲ್ಲಿ ಸಿಗುತ್ತಾರೆ? ಬೈಕಿನಿಂದ ನನಗೆ ಸಿಕ್ಕಿದ್ದರಲ್ಲಿ ಇದೇ ದೊಡ್ಡದು ಎಂದು ಮನಸಾರೆ ಹೇಳುತ್ತೇನೆ.

ಈ ಪ್ರಾಯದ ಗಂಡಸರಿಗೆ ಹೊಸ ಗೆಳೆಯರು ಸಿಗುವುದೂ ಅಪರೂಪ; ಬೈಕು ಅವರನ್ನು ಕೂಡಿಸುತ್ತದೆ. 2012ರಲ್ಲಿ ಸಿಡ್ನಿಯಲ್ಲಿ ಶುರುವಾದ ಡಿಸ್ಟಿಂಗ್ವಿಶ್ಡ್ ಜೆಂಟಲ್‌ಮನ್ಸ್ ರೈಡ್‌ನಲ್ಲಿ ಸವಾರರು ಸೂಟು ಬೂಟು ಹಾಕಿ ಹಳೆಯ ಕಾಲದ ವಿನ್ಯಾಸದ ಬೈಕುಗಳಲ್ಲಿ ಸಾಗಿ, ಪ್ರಾಸ್ಟೇಟ್ ಕ್ಯಾನ್ಸರ್ ಸಂಶೋಧನೆಗೂ ಗಂಡಸರ ಮಾನಸಿಕ ಆರೋಗ್ಯಕ್ಕೂ ಹಣ ಕೂಡಿಸುತ್ತಾರೆ. ಅದು ಭಾರತದ ನಗರಗಳಿಗೂ ಬಂದಿದೆ. ಎದುರುಬದುರು ಕೂತು ಹೇಳಲಾಗದ್ದನ್ನು ಚಹಾದ ನಿಲುಗಡೆಯಲ್ಲಿ, ಗಾಡಿಯ ಚೈನು ನೋಡುವ ನೆಪದಲ್ಲಿ ಹೇಳಿಕೊಳ್ಳುವವರನ್ನು ಕಂಡಿದ್ದೇನೆ. ಹೆಂಗಸರಿಗೂ ಈ ದಾರಿ ತೆರೆದಿದೆ. 2011ರಲ್ಲಿ ಹುಟ್ಟಿದ ‘ದಿ ಬೈಕರ್ನಿ’ ಮಹಿಳೆಯರದ್ದೇ ಸಂಘಟನೆ. ಹಿಂದಿನ ಸೀಟಿನಲ್ಲಿ ಇಪ್ಪತ್ತು ವರ್ಷ ಕೂತವರು ಮುಂದಿನ ಸೀಟಿಗೆ ಬರಬೇಕೆಂದರೆ ಪ್ರಾಯ ಅಡ್ಡಿಯಾಗಬಾರದು.

ಊರಿನ ದಾರಿ

ಮುಂಬಯಿಯ ಹೊಸ ರಸ್ತೆಗಳು ಬೈಕಿನವರಿಗಲ್ಲ. ಬಾಂದ್ರಾ-ವರಳಿ ಸೀ ಲಿಂಕ್, ಕೋಸ್ಟಲ್ ರೋಡ್, 2024ರ ಜನವರಿಯಲ್ಲಿ ತೆರೆದ ಅಟಲ್ ಸೇತು, ಪುಣೆಯ ಎಕ್ಸ್‌ಪ್ರೆಸ್‌ವೇ, ಎಲ್ಲೆಡೆ ದ್ವಿಚಕ್ರಕ್ಕೆ ನಿಷೇಧ. ಉಳಿದದ್ದು ಹಳೆಯ ರಸ್ತೆಗಳು. ಪನವೇಲಿನಿಂದ ಖೋಪೋಲಿ, ಬೋರ್ ಘಾಟ್ ಹತ್ತಿ ಪುಣೆ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ಒಂದು ದಾರಿ. ಕೊಂಕಣದ ಒಳಗಿಂದ ಮಹಾಡ, ಚಿಪಳೂಣ, ಗೋವಾ, ಕಾರವಾರ ದಾಟಿ ಉಡುಪಿ ಮುಟ್ಟುವ ರಾಷ್ಟ್ರೀಯ ಹೆದ್ದಾರಿ 66 ಇನ್ನೊಂದು. ಮಂಗಳೂರಿಗೆ ಹತ್ತಿರ ಹತ್ತಿರ 900 ಕಿ.ಮೀ. ಹದಿಹರೆಯದಲ್ಲಿ ರಾತ್ರಿ ಬಸ್ಸಿನಲ್ಲಿ ನಿದ್ದೆಗಣ್ಣಿನಲ್ಲಿ ದಾಟಿದ ಊರುಗಳನ್ನು ಹಗಲಿನಲ್ಲಿ, ಸ್ವಂತ ಗಾಡಿಯಲ್ಲಿ, ಬೇಕಾದಲ್ಲಿ ನಿಂತು ನೋಡುವುದು ಮುಂಬಯಿ ಕನ್ನಡಿಗರಿಗೆ ಬರಿಯ ಪ್ರವಾಸವಲ್ಲ. ಆದರೆ ಅದು ಮೊದಲ ವರ್ಷದ ಕೆಲಸವೂ ಅಲ್ಲ. ಲೋನಾವಳ, ಆಮೇಲೆ ಸಾತಾರಾ, ಆಮೇಲೆ ಊರು. ದಿನಕ್ಕೆ 300 ಕಿ.ಮೀ. ಮೀರದೆ, ಕತ್ತಲಾಗುವ ಮೊದಲು ಗಾಡಿ ನಿಲ್ಲಿಸಿ.

ಸಾವಕಾಶದ ಪ್ರಯಾಣ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಮೈಸೂರಿನ ಡಿ. ಕೃಷ್ಣಕುಮಾರ್ ಸಾಕ್ಷಿ. ನಲವತ್ತರ ಆಸುಪಾಸಿನಲ್ಲಿ ಕೆಲಸ ಬಿಟ್ಟು, ತಂದೆ ಕೊಡಿಸಿದ್ದ 2000ನೆಯ ಇಸವಿಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ ತಾಯಿ ಚೂಡಾರತ್ನ ಅವರನ್ನು ಕೂರಿಸಿಕೊಂಡು 2018ರ ಜನವರಿಯಲ್ಲಿ ಹೊರಟರು. ಮನೆಯೊಳಗೇ ಬದುಕು ಸವೆಸಿ ಹತ್ತಿರದ ಬೇಲೂರು ಹಳೇಬೀಡನ್ನೂ ಕಾಣದಿದ್ದ ತಾಯಿಗೆ ದೇಶ ತೋರಿಸಿದರು, ನೇಪಾಳ, ಭೂತಾನ, ಮ್ಯಾನ್ಮಾರ್ ತೋರಿಸಿದರು. ಅದು ಹಳೆಯ ಸ್ಕೂಟರ್. ವೇಗವೂ ಇರಲಿಲ್ಲ, ಶೋಕಿಯೂ ಇರಲಿಲ್ಲ.

ಒಂದು ಮಾತು ನಮ್ಮ ಸಂಘ ಸಂಸ್ಥೆಗಳಿಗೆ. ಮುಂಬಯಿಯ ಕನ್ನಡ, ತುಳು ಸಂಘಗಳು ಪ್ರಾಯ ಮೀರಿದವರಿಗೆ, ಹಗಲಿನಲ್ಲಿ ಬಿಡುವಿಲ್ಲದವರಿಗೆ ಕಲಿಸುವುದನ್ನು ನೂರು ವರ್ಷಗಳಿಂದ ಮಾಡಿಕೊಂಡು ಬಂದಿವೆ. ರಾತ್ರಿಶಾಲೆಯಲ್ಲಿ ಇಪ್ಪತ್ತೈದರವನು ಹತ್ತನೆಯ ತರಗತಿಯ ಬೆಂಚಿನಲ್ಲಿ ಕೂತಾಗ ಯಾರೂ ನಗಲಿಲ್ಲ. ಯಕ್ಷಗಾನ, ಕ್ರಿಕೆಟ್, ರಕ್ತದಾನ ಶಿಬಿರಗಳ ಜೊತೆಗೆ ವರ್ಷಕ್ಕೆರಡು ಭಾನುವಾರ, ಒಂದು ಶಾಲೆಯ ಮೈದಾನದಲ್ಲಿ, ಅನುಭವಿ ತರಬೇತುದಾರರನ್ನು ಕರೆಸಿ, ಬೈಕು ಕಲಿಯುವ ದಿನವನ್ನೂ ಏರ್ಪಡಿಸಲಿ. ಕ್ಲಚ್ಚು, ಮುಂದಿನ ಬ್ರೇಕು, ತಿರುವು, ಬಿದ್ದ ಗಾಡಿ ಎತ್ತುವುದು, ಗಾಯಾಳುವಿನ ಪ್ರಥಮ ಚಿಕಿತ್ಸೆ, ಇಷ್ಟು ಸಾಕು. ಹೋಟೆಲಿನ ಹುಡುಗರೂ ಬರಲಿ, ಡೆಲಿವರಿಗೆ ಓಡಾಡುವವರೂ ಬರಲಿ, ಐವತ್ತರ ಗಂಡಸರು ಹೆಂಗಸರೂ ಬರಲಿ. ದೊಡ್ಡ ಅಪಾಯ ತಡವಾಗಿ ಶುರುಮಾಡುವುದರಲ್ಲಿಲ್ಲ. ತಡವಾಯಿತೆಂದು ಕಲಿಯದೆ ಅವಸರಪಡುವುದರಲ್ಲಿದೆ. ಮನೆಯಲ್ಲಿ ಕೇಳುವ “ಈ ಪ್ರಾಯದಲ್ಲಿ ಬೇಕಾ” ಎಂಬ ಪ್ರಶ್ನೆಗೂ ಅದೇ ಉತ್ತರ: ಬೇಕು, ಕಲಿತು ಓಡಿಸುವುದಾದರೆ.